ಟ್ರಂಕು ತೆಗೆಯುವ ಮೊದಲು ಅತ್ತೆಯ ಹತ್ತಿರ ಕೂತುಕೊಳ್ಳಿ

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಫೋಟೋ ಇದೆ. ಹನ್ನೆರಡು ಹದಿಮೂರು ವರ್ಷದ ಹುಡುಗಿ, ಮೊಗ್ಗಿನ ಜಡೆ ಹಾಕಿಕೊಂಡು ಸ್ಟುಡಿಯೋದಲ್ಲಿ ನಿಂತಿದ್ದಾಳೆ. ಹಿಂದೆ ಒಂದು ನಿಲುವುಗನ್ನಡಿ, ಜಡೆ ಕಾಣಬೇಕಲ್ಲ, ಅದಕ್ಕೆ. ಮಲ್ಲಿಗೆ ಮೊಗ್ಗು ಒಂದೊಂದೂ ಎಣಿಸಬಹುದು, ಅಷ್ಟು ಚೆನ್ನಾಗಿ ಉಳಿದಿದೆ. ಆದರೆ ಹುಡುಗಿ ಯಾರು ಅಂತ ಈಗ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅಜ್ಜಿಗೆ ಗೊತ್ತಿತ್ತು. ಅಜ್ಜಿ ಇದ್ದಾಗ ನಾನು ಆ ಫೋಟೋವನ್ನು ಹತ್ತು ಸಲ ನೋಡಿದ್ದೇನೆ, ಒಂದು ಸಲವೂ ಕೇಳಲಿಲ್ಲ.

ಹಳೇ ಫೋಟೋ ಉಳಿಸಿಕೊಳ್ಳೋಣ ಅಂತ ಹೊರಟವರು ಮೊದಲು ಮಾಡುವ ಕೆಲಸ ಸ್ಕ್ಯಾನರ್ ಎಷ್ಟಕ್ಕೆ ಸಿಗುತ್ತದೆ ಅಂತ ಹುಡುಕುವುದು. ನಾನೂ ಅದನ್ನೇ ಮಾಡಿದೆ. ಅದು ಉಲ್ಟಾ. ಕಪ್ಪು ಬಿಳುಪು ಫೋಟೋ ಇನ್ನೂ ಐವತ್ತು ವರ್ಷ ಟ್ರಂಕಿನಲ್ಲೇ ಇರುತ್ತದೆ, ಅದರಲ್ಲಿರುವವರ ಹೆಸರು ಹೇಳುವವರು ಇರುವುದಿಲ್ಲ. ಹಾಗಾಗಿ ಮೊದಲು ಬಾಯಿ, ಆಮೇಲೆ ಹೆಸರು ಬರೆಯುವುದು, ಆಮೇಲೆ ನಕಲು, ಕೊನೆಗೆ ಜೋಪಾನ. ನಾನು ಇದನ್ನು ತಪ್ಪು ಮಾಡಿ ಮಾಡಿ ಕಲಿತದ್ದು.

ನಮ್ಮದು ಶರಾವತಿ ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಹಳೇ ಮನೆ, ಗದ್ದೆ, ತೋಟ ಎಲ್ಲ ನೀರಿಗೆ ಹೋಯಿತು. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದ ವರ್ಷ ಅದಕ್ಕಿಂತ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ನಮ್ಮ ಮನೆ ಯಾವತ್ತೂ ಕಾಣಲಿಲ್ಲ. ಆದ್ದರಿಂದ ನಮಗೆ ಆ ಟ್ರಂಕು ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ. ನಿಮಗೆ ಹಳೇ ಮನೆ ಇನ್ನೂ ಇದ್ದರೆ ಪುಣ್ಯವಂತರು, ಕೆಲಸ ಸ್ವಲ್ಪ ಸಲೀಸು.

ಮೊದಲು ಮಾತು

ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರು ಅಂತ ನೋಡಬೇಡಿ, ನೆನಪು ಯಾರಿಗೆ ಚೆನ್ನಾಗಿದೆ ಅಂತ ನೋಡಿ. ಸಾಮಾನ್ಯವಾಗಿ ಅದು ಮದುವೆಯಾಗಿ ಹೋದ ಹೆಣ್ಣುಮಗಳು, ಅಂದರೆ ನಿಮ್ಮ ಸೋದರತ್ತೆ. ಮನೆಯಲ್ಲೇ ಉಳಿದ ಗಂಡಸರಿಗೆ ಜಮೀನಿನ ಸರ್ವೆ ನಂಬರ್ ನೆನಪಿರುತ್ತದೆ, ಬಿಟ್ಟು ಹೋದವರಿಗೆ ಮನೆ ನೆನಪಿರುತ್ತದೆ. ಇದು ನಾನು ಕಂಡದ್ದು, ಎಲ್ಲ ಕಡೆಯೂ ಹೀಗೇ ಅಂತ ಅಲ್ಲ.

ಹೋಗುವಾಗ ಹತ್ತು ಹನ್ನೆರಡು ಫೋಟೋ ತೆಗೆದುಕೊಂಡು ಹೋಗಿ, ಇಡೀ ಆಲ್ಬಮ್ ಬೇಡ. ಬರಿಗೈಯಲ್ಲಿ ಹೋಗಿ "ಹಳೇ ಕಾಲದ ಕಥೆ ಹೇಳಿ" ಅಂದರೆ ಏನೂ ಬರುವುದಿಲ್ಲ. ನಮ್ಮತ್ತೆ ಮೊದಲ ದಿನ ಹೇಳಿದ್ದು ಇಷ್ಟೇ: "ಎಂತ ಕಥೆ ಮಾರಾಯ, ಕಷ್ಟ ಇತ್ತು, ಕೆಲಸ ಮಾಡಿದ್ವಿ, ಅಷ್ಟೇ." ಎರಡನೇ ಸಲ ಒಂದು ಹಾಳೆ, ಪೆನ್ಸಿಲ್ ಕೊಟ್ಟು "ಹಳೇ ಮನೆಯ ನಕ್ಷೆ ಬರೆಯಿರಿ ಅತ್ತೆ" ಅಂದೆ. ಜಗಲಿ ಬರೆದರು, ನಡುಮನೆ, ಅಡುಗೆಮನೆ, ಬಚ್ಚಲು, ಕೊಟ್ಟಿಗೆ. ಬಚ್ಚಲಿನ ಪಕ್ಕ ಒಂದು ಸಣ್ಣ ಚೌಕ ಬರೆದು ಅಲ್ಲೇ ನಿಂತರು. "ಇಲ್ಲಿ ಚಿಕ್ಕಜ್ಜಿ ಮಲಗ್ತಿದ್ಲು." ಯಾವ ಚಿಕ್ಕಜ್ಜಿ? ನಮ್ಮ ವಂಶವೃಕ್ಷದಲ್ಲಿ ಹಾಗೊಬ್ಬರು ಇರಲೇ ಇಲ್ಲ. ಮುತ್ತಜ್ಜನ ತಂಗಿಯಂತೆ, ಎಂಟು ವರ್ಷಕ್ಕೆ ಮದುವೆ, ಹತ್ತಕ್ಕೆ ವಿಧವೆ, ಆಮೇಲೆ ಸಾಯುವವರೆಗೂ ಅದೇ ಬಚ್ಚಲಿನ ಪಕ್ಕದ ಕೋಣೆ. ಮಕ್ಕಳಿಲ್ಲ, ಆಸ್ತಿಯಿಲ್ಲ, ಹಾಗಾಗಿ ಯಾವ ಕಾಗದದಲ್ಲೂ ಹೆಸರಿಲ್ಲ. ಆ ನಕ್ಷೆ ಬರೆಸದಿದ್ದರೆ ಅವರು ಇದ್ದರು ಅನ್ನುವುದೇ ಗೊತ್ತಾಗುತ್ತಿರಲಿಲ್ಲ.

ಮಾತು ರೆಕಾರ್ಡ್ ಮಾಡಲು ಮೊಬೈಲ್ ಸಾಕು. ಏರ್‌ಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ನಿಲ್ಲಿಸಿ, ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟಿಲ್ಲ ತಾನೇ ಅಂತ ನೋಡಿಕೊಳ್ಳಿ (ನನ್ನ ಮೊದಲ ರೆಕಾರ್ಡಿಂಗಿನಲ್ಲಿ ಅಜ್ಜನ ಮದುವೆ ಕಥೆಗಿಂತ ಸೀಟಿಯೇ ಜೋರಾಗಿ ಕೇಳುತ್ತದೆ). ರೆಕಾರ್ಡ್ ಮಾಡುತ್ತಿದ್ದೇನೆ ಅಂತ ಹೇಳಿಯೇ ಮಾಡಿ, ಕದ್ದು ಬೇಡ. ಶುರುವಿನಲ್ಲಿ ನೀವೇ ದಿನಾಂಕ, ಊರು, ಯಾರು ಮಾತಾಡುತ್ತಿದ್ದಾರೆ ಅಂತ ಹೇಳಿಬಿಡಿ. ಮುಕ್ಕಾಲು ಗಂಟೆ ಆದಮೇಲೆ ನಿಲ್ಲಿಸಿ, ವಯಸ್ಸಾದವರಿಗೆ ಸುಸ್ತಾಗುತ್ತದೆ. ನಿಲ್ಲಿಸಿ ಕಾಫಿ ಕುಡಿಯುವಾಗಲೇ ಒಳ್ಳೆ ಕಥೆ ಬರುವುದು, ಅದು ಬೇರೆ ಮಾತು.

ಎಲ್ಲಕ್ಕಿಂತ ಮುಖ್ಯ, ತಿದ್ದಬೇಡಿ. "ಅಲ್ಲ ಅತ್ತೆ, ಅದು 64ರಲ್ಲಿ ಅಲ್ವಾ" ಅಂತ ಬಾಯಿ ಹಾಕಿದರೆ ಅವರು ಅಲ್ಲಿಗೇ ಮಾತು ನಿಲ್ಲಿಸುತ್ತಾರೆ. ದೊಡ್ಡಪ್ಪ ಒಂದು ಹೇಳುತ್ತಾರೆ, ಅತ್ತೆ ಇನ್ನೊಂದು ಹೇಳುತ್ತಾರೆ, ಎರಡನ್ನೂ ಬರೆದಿಡಿ, ಯಾರು ಹೇಳಿದ್ದು ಅಂತ ಸೇರಿಸಿ. ಇಸವಿ ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. ಗಾಂಧಿ ಹೋದಾಗ ನಿಮಗೆ ಎಷ್ಟು ವಯಸ್ಸು, ನೀರು ಬರುವ ಮೊದಲೋ ಆಮೇಲೋ, ಕರೆಂಟು ಬಂದಿತ್ತಾ, ದೊಡ್ಡಣ್ಣ ಹುಟ್ಟಿದ್ದನಾ, ಹೀಗೆ ಕೇಳಿ. ದಕ್ಷಿಣ ಕನ್ನಡದವರಾದರೆ 1974ರ ನೆರೆಗೆ ಮೊದಲೋ ಆಮೇಲೋ ಅಂತ ಕೇಳಬಹುದು, ಹಳೇ ಬಾಗಲಕೋಟೆಯವರಿಗೆ ಆಲಮಟ್ಟಿ ನೀರು ಇದೆ.

ಹೆಂಗಸರ ವಿಷಯದಲ್ಲಿ ಎರಡು ಪ್ರಶ್ನೆ ತಪ್ಪದೇ ಕೇಳಿ: ತವರು ಯಾವುದು, ಮದುವೆಗೆ ಮುಂಚೆ ಹೆಸರು ಏನಿತ್ತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಧಾರೆಯ ದಿನ ಸೊಸೆಗೆ ಬೇರೆ ಹೆಸರು ಇಡುತ್ತಿದ್ದರು. ಹಳೇ ಕಾಗದದಲ್ಲಿ ಒಂದು ಹೆಸರು, ತವರಿನವರ ಬಾಯಲ್ಲಿ ಇನ್ನೊಂದು. ಈ ಎರಡೂ ಒಬ್ಬರೇ ಅಂತ ಗೊತ್ತಿಲ್ಲದೆ ನಾನು ಅಜ್ಜಿಯ ಅಕ್ಕನನ್ನು ಆರು ತಿಂಗಳು ಹುಡುಕಿದೆ.

ಟ್ರಂಕು ತೆಗೆಯುವ ದಿನ

ಮಳೆಗಾಲದಲ್ಲಿ ಬೇಡ. ಮಲೆನಾಡಿನಲ್ಲಿ ಆಷಾಢದಲ್ಲಿ ಟ್ರಂಕಿನ ಬಾಗಿಲು ತೆಗೆದರೆ ಫೋಟೋಗೆ ನೀವೇ ಬೂಷ್ಟು ಹಿಡಿಸಿದ ಹಾಗೆ. ದೀಪಾವಳಿ ಕಳೆದ ಮೇಲೆ, ಯುಗಾದಿಯ ಒಳಗೆ, ಒಂದು ಒಣ ದಿನ ನೋಡಿ. ನೆಲದ ಮೇಲೆ ಹಳೇ ಬಿಳಿ ಪಂಚೆ ಹಾಸಿ, ಕೈ ತೊಳೆದು ಒರೆಸಿಕೊಂಡು ಕೂತುಕೊಳ್ಳಿ. ಪಕ್ಕದಲ್ಲಿ ಚಹಾ, ಎಲೆ ಅಡಿಕೆ, ತಿಂಡಿ ಏನೂ ಬೇಡ. ಫೋಟೋವನ್ನು ಅಂಚಿನಲ್ಲಿ ಹಿಡಿಯಿರಿ.

ಒಳಗೆ ಏನು ಯಾವ ಕ್ರಮದಲ್ಲಿ ಇದೆಯೋ ಅದನ್ನು ಮೊದಲು ಹಾಗೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಅಜ್ಜ ಎರಡು ಕಾಗದವನ್ನು ಒಂದೇ ದಾರದಲ್ಲಿ ಕಟ್ಟಿಟ್ಟಿದ್ದಾರೆ ಅಂದರೆ ಅದಕ್ಕೆ ಏನೋ ಕಾರಣ ಇರುತ್ತದೆ. ಚೆಂದ ಮಾಡಿ ಜೋಡಿಸುವ ಉತ್ಸಾಹದಲ್ಲಿ ಆ ಕಾರಣ ಹೋಗಿಬಿಡುತ್ತದೆ.

ತುಕ್ಕು ಹಿಡಿದ ಗುಂಡುಸೂಜಿ, ಪಿನ್ನು, ರಬ್ಬರ್ ಬ್ಯಾಂಡು ಇದ್ದರೆ ಮೆಲ್ಲಗೆ ಬಿಡಿಸಿ ತೆಗೆಯಿರಿ. ದೂಳನ್ನು ಮೆತ್ತನೆ ಬ್ರಷ್ಷಿನಿಂದ ಹೊರಮುಖವಾಗಿ ಗುಡಿಸಿ, ಒದ್ದೆ ಬಟ್ಟೆ ತಾಗಿಸಬೇಡಿ. ಮನೆಯಲ್ಲಿ ಕಡತ ಸಿಕ್ಕಿದರೆ, ಅಂದರೆ ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಮಡಚಿಟ್ಟ ಆ ಕಪ್ಪು ಪುಸ್ತಕ, ಅದನ್ನು ಒರೆಸಲೇಬೇಡಿ, ಒಣ ಬಟ್ಟೆಯಲ್ಲೂ ಬೇಡ. ಅದರಲ್ಲಿ ಬರೆದಿರುವುದು ಬಳಪದಲ್ಲಿ. ಸ್ಲೇಟು ಒರೆಸಿದ ಹಾಗೆ ನೂರಾರು ವರ್ಷದ ಲೆಕ್ಕ ಹೋಗಿಬಿಡುತ್ತದೆ.

ಇನ್ನು ಹೆಸರು ಬರೆಯುವುದು. ಕಪ್ಪು ಬಿಳುಪು ಫೋಟೋ ಹಿಂದೆ ಮೆತ್ತನೆ ಪೆನ್ಸಿಲಿನಲ್ಲಿ, ಅಂಚಿನ ಹತ್ತಿರ, ಒತ್ತದೆ ಬರೆಯಿರಿ. ಬಾಲ್‌ಪೆನ್ನು ಬೇಡ, ಒತ್ತಿದ ಗೆರೆ ಮುಂದಿನ ಕಡೆ ಮುಖದ ಮೇಲೆ ಮೂಡುತ್ತದೆ. ಕಲರ್ ಫೋಟೋ ಹಿಂದೆ ಪ್ಲಾಸ್ಟಿಕ್ ತರಹ ನುಣುಪಾಗಿರುತ್ತದೆ, ಪೆನ್ಸಿಲ್ ಹಿಡಿಯುವುದಿಲ್ಲ, ಒಂದು ಚೀಟಿ ಬರೆದು ಜೊತೆಗಿಡಿ. "ಅಜ್ಜ" ಅಂತ ಬರೆಯಬೇಡಿ, ದಯವಿಟ್ಟು. ಯಾರ ಅಜ್ಜ? ನಿಮ್ಮ ಮೊಮ್ಮಗ ಓದುವಾಗ ಆ ಅಜ್ಜ ನೀವೇ ಆಗಿರುತ್ತೀರಿ. ಪೂರ್ತಿ ಹೆಸರು, ಯಾರ ಮಗ ಅಥವಾ ಮಗಳು, ಊರು, ಸುಮಾರು ಇಸವಿ, ಗುರುತು ಹೇಳಿದ್ದು ಯಾರು. ಗುಂಪಿನ ಫೋಟೋ ಆದರೆ ಒಂದು ಪ್ರಿಂಟ್ ತೆಗೆಸಿ ಅದರ ಮೇಲೆ ತಲೆಗೊಂದು ನಂಬರ್ ಹಾಕಿ.

ಇಸವಿ ಹಿಡಿಯುವ ಬಗೆ

ಇದು ನನಗೆ ತುಂಬ ಇಷ್ಟದ ಭಾಗ, ಸ್ವಲ್ಪ ಪತ್ತೇದಾರಿ ಕೆಲಸ.

ಕಾಗದದ ಮೇಲೆ ಆಣೆ ಪೈ ಲೆಕ್ಕ ಇದ್ದರೆ ಅದು ಬಹುತೇಕ 1957ಕ್ಕಿಂತ ಹಿಂದಿನದು. ಆ ವರ್ಷ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಬಂತು, ಆದರೂ ನಮ್ಮ ಅಂಗಡಿಯವರು ಇನ್ನೂ ಕೆಲವು ವರ್ಷ ಆಣೆಯಲ್ಲೇ ಬರೆದರು ಅನ್ನುವುದು ನೆನಪಿರಲಿ. ಸ್ಟಾಂಪಿನ ಮೇಲೆ "ನಯೇ ಪೈಸೆ" ಅಂತ ಇದ್ದರೆ 1957ರಿಂದ 1964ರ ಒಳಗೆ ಅಚ್ಚಾದದ್ದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. "ಮೈಸೂರು ರಾಜ್ಯ" ಅಂತ ಅಚ್ಚಾಗಿದ್ದರೆ 1973ರ ನವೆಂಬರ್ 1ಕ್ಕೆ ಮೊದಲಿನ ಫಾರಂ.

ಜಾತಕ ಸಿಕ್ಕಿದರೆ ಬಿಡಬೇಡಿ. ಜ್ಯೋತಿಷ್ಯ ನಂಬುತ್ತೀರೋ ಇಲ್ಲವೋ ಅದು ಬೇರೆ, ಶಾಲೆಯ ದಾಖಲೆಗಿಂತ ಜಾತಕದ ಹುಟ್ಟಿದ ದಿನವನ್ನೇ ನಾನು ನಂಬುತ್ತೇನೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡು ಕಳಿಸಿದ್ದು ನಿಮ್ಮ ಮನೆಯಲ್ಲೂ ಇಬ್ಬರು ಮೂವರು ಇರಬೇಕು, ಅಲ್ವಾ? ಜಾತಕದಲ್ಲಿ ಶಕವರ್ಷ ಇದ್ದರೆ 78 ಕೂಡಿಸಿ. ಬರೀ ಸಂವತ್ಸರ ಇದ್ದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ ಅನ್ನುವುದೇ ತಲೆನೋವು. ನಮ್ಮ ಚಿಕ್ಕಪ್ಪನ ಜಾತಕದಲ್ಲಿ ಶೋಭಕೃತು ಸಂವತ್ಸರ, ಮಾಘ ಮಾಸ ಅಂತಿದೆ. ಶೋಭಕೃತು 1903ರಲ್ಲೂ ಇತ್ತು, 1963ರಲ್ಲೂ ಇತ್ತು, 2023ರಲ್ಲೂ ಬಂತು. ಚಿಕ್ಕಪ್ಪ 1903ರವರಂತೂ ಅಲ್ಲ. ಆದರೆ 1963 ಅಂತ ಬರೆದುಕೊಂಡರೂ ತಪ್ಪು. ಸಂವತ್ಸರ ಶುರುವಾಗುವುದು ಯುಗಾದಿಗೆ, ಮಾಘ ಬರುವ ಹೊತ್ತಿಗೆ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ 1964 ಆಗಿರುತ್ತದೆ. ಕಂದಾಯದ ಕಾಗದದಲ್ಲಿ ಫಸಲಿ ವರ್ಷ ಇದ್ದರೆ 590 ಕೂಡಿಸಿದರೆ ಹತ್ತಿರ ಬರುತ್ತದೆ.

ಭಾಷೆಯೂ ಗುರುತು ಹೇಳುತ್ತದೆ. 1956ಕ್ಕೆ ಮೊದಲು ನಾವೆಲ್ಲ ಬೇರೆ ಬೇರೆ ಆಡಳಿತದಲ್ಲಿ ಇದ್ದವರು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಹಳೇ ಕಾಗದ ಮೋಡಿ ಲಿಪಿಯಲ್ಲಿ (ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹ) ಇರಬಹುದು, ಬೀದರ್, ಕಲಬುರಗಿ, ರಾಯಚೂರಿನ ಕಡೆ ಉರ್ದುವಿನಲ್ಲಿ. ಓದಲು ಬರುವುದಿಲ್ಲ ಅಂತ ಗುಜರಿಗೆ ಹಾಕಬೇಡಿ. ನಮ್ಮ ಕಡೆ, ಕರಾವಳಿಯ ಕಡೆ ತಾಳೆಗರಿ ಸಿಕ್ಕಿದರೆ ಅದು ತಿಗಳಾರಿ, ಅಂದರೆ ಈ ಕಡೆ ಸಂಸ್ಕೃತ, ತುಳು ಬರೆಯುತ್ತಿದ್ದ ಹಳೇ ಲಿಪಿ ಆಗಿರುವುದು ಜಾಸ್ತಿ.

ಫೋಟೋದಲ್ಲಿ ಬಟ್ಟೆ ನೋಡಿ ತೀರ್ಮಾನ ಮಾಡುವಾಗ ಎಚ್ಚರ. ನಮ್ಮ ಮುತ್ತಜ್ಜ ಕೋಟು, ಕೈಗಡಿಯಾರ, ಬೂಟು ಹಾಕಿ ಕೂತ ಫೋಟೋ ನೋಡಿ ಸಾಹುಕಾರರಾಗಿದ್ದರು ಅಂತ ನಾವು ಬೀಗುತ್ತಿದ್ದೆವು. ಅದೇ ಸ್ಟುಡಿಯೋದ ಸೀಲು ಇರುವ ಇನ್ನೊಂದು ಫೋಟೋ ನೆಂಟರ ಮನೆಯಲ್ಲಿ ಸಿಕ್ಕಿತು. ಅದರಲ್ಲಿ ಬೇರೆ ಯಾರೋ ಕೂತಿದ್ದಾರೆ, ಕೋಟು ಮಾತ್ರ ಅದೇ.

ಗೋಡೆಗೆ ಹಾಕಿದ ಕಟ್ಟಿನ ಫೋಟೋಗಳ ಹಿಂಬದಿ ನೋಡಿ. ಕಟ್ಟು ಹಾಕುವವರು ಒತ್ತಿಗೆ ಕೈಗೆ ಸಿಕ್ಕ ಹಳೇ ಕ್ಯಾಲೆಂಡರ್, ರಟ್ಟು, ಕೆಲವೊಮ್ಮೆ ಇನ್ನೊಂದು ಫೋಟೋವನ್ನೇ ಇಟ್ಟಿರುತ್ತಾರೆ.

ಯಾವ ಕಾಗದ ಇಟ್ಟುಕೊಳ್ಳಬೇಕು

ಕ್ರಯಪತ್ರ, ಪಾಲುಪತ್ರ, ಉಯಿಲು ಎಲ್ಲರೂ ಇಟ್ಟುಕೊಂಡಿರುತ್ತಾರೆ. ನಾನು ಹೇಳುವುದು ಎಲ್ಲರೂ ಬಿಸಾಡುವ ಕಾಗದಗಳ ಬಗ್ಗೆ. ಮದುವೆಯ ಮುಯ್ಯಿ ಪುಸ್ತಕ ಸಿಕ್ಕಿದರೆ ಅದು ಚಿನ್ನ. ಯಾರು ಬಂದಿದ್ದರು, ಯಾವ ಊರಿನವರು, ಎರಡು ರೂಪಾಯಿಯೋ ಐದೋ, ಎಲ್ಲ ಇರುತ್ತದೆ. ನಮ್ಮ ಅಪ್ಪನ ಮದುವೆಯ ಮುಯ್ಯಿ ಪಟ್ಟಿಯಲ್ಲಿ ಹೆಸರಿರುವ ಅರ್ಧಕ್ಕರ್ಧ ಊರುಗಳು ಮುಳುಗಡೆಯವರು ಚದುರಿ ಹೋದ ಊರುಗಳು, ಅದನ್ನೇ ನಕ್ಷೆಯ ಮೇಲೆ ಗುರುತು ಮಾಡಿದರೆ ಯಾರು ಎಲ್ಲಿಗೆ ಹೋದರು ಅಂತ ಕಾಣುತ್ತದೆ. ಲಗ್ನಪತ್ರಿಕೆಯಲ್ಲಿ ಎರಡೂ ಕಡೆಯ ಹಿರಿಯರ ಹೆಸರು ಇರುತ್ತದೆ. ಅಡಿಕೆ ಮಂಡಿಯ ಪಟ್ಟಿ, ಹಳೇ ರೇಷನ್ ಕಾರ್ಡು, ಕಂದಾಯ ರಸೀದಿ, ಶಾಲೆಯ ಟಿಸಿ, ಅಂಚೆ ಕಾರ್ಡು, ಎಲ್ಲ ಇರಲಿ.

ಸಾವಿನ ಸುದ್ದಿಯ ಕಾಗದ ಮಾತ್ರ ನಿಮಗೆ ಸಿಗುವುದು ಕಷ್ಟ. ನಮ್ಮ ಮನೆಯಲ್ಲಿ ಅದನ್ನು ಅಂಗಳದಲ್ಲೇ ಓದಿ ಹರಿದು ಹಾಕುತ್ತಿದ್ದರು, ಒಳಗೆ ತರುತ್ತಿರಲಿಲ್ಲ. ಹಾಗಾಗಿ ಯಾರು ಯಾವಾಗ ಹೋದರು ಅನ್ನುವುದಕ್ಕೆ ತಿಥಿ ಮಾಡುವವರನ್ನೇ ಕೇಳಬೇಕು. ಅವರಿಗೆ ಮಾಸ, ಪಕ್ಷ, ತಿಥಿ ಎಲ್ಲ ಬಾಯಿಪಾಠ, ಇಸವಿ ಬಿಟ್ಟು.

ನಕಲು ಮಾಡುವುದು

ಮೊದಲು ಯಾವುದನ್ನು ಮಾಡಬೇಕು? ಹಳೆಯದನ್ನು ಅಂತ ನೀವು ಅಂದುಕೊಂಡಿರಬಹುದು. ಅಲ್ಲ, ಕಲರ್ ಫೋಟೋ ಮೊದಲು. 70, 80ರ ದಶಕದ ಕಲರ್ ಪ್ರಿಂಟು ವರ್ಷ ವರ್ಷಕ್ಕೂ ಕೆಂಪಗಾಗುತ್ತಾ ಹೋಗುತ್ತದೆ, ಅದಕ್ಕಿಂತ ಹಳೆಯ ಕಪ್ಪು ಬಿಳುಪು ಗಟ್ಟಿ. ಅದರ ಜೊತೆಗೇ ಮದುವೆಯ ವಿಡಿಯೋ ಕ್ಯಾಸೆಟ್. ವಿಸಿಆರ್ ತಯಾರಿಕೆ 2016ರಲ್ಲೇ ನಿಂತುಹೋಯಿತು, ಕ್ಯಾಸೆಟ್ಟಿಗೂ ಬೂಷ್ಟು ಬರುತ್ತದೆ. ನೆಗೆಟಿವ್ ಡಬ್ಬ ತೆಗೆದಾಗ ವಿನೆಗರ್ ವಾಸನೆ ಬಂದರೆ ಅದು ಕೊಳೆಯಲು ಶುರುವಾಗಿದೆ ಅಂತ ಅರ್ಥ, ಬೇರೆಯದರಿಂದ ದೂರ ಇಟ್ಟು ಅದನ್ನು ಮೊದಲು ಸ್ಕ್ಯಾನ್ ಮಾಡಿಸಿ.

ಸ್ಕ್ಯಾನರ್ ಇದ್ದರೆ ಸಾಮಾನ್ಯ ಫೋಟೋಗೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ), ಪಾಸ್‌ಪೋರ್ಟ್ ಸೈಜಿನಂಥ ಚಿಕ್ಕದಕ್ಕೆ 1200, ನೆಗೆಟಿವ್‌ಗೆ 2400. ಕಪ್ಪು ಬಿಳುಪಾದರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಕಲೆ ಯಾವುದು ಚಿತ್ರ ಯಾವುದು ಅಂತ ಆಮೇಲೆ ಗೊತ್ತಾಗಬೇಕು. ಹಿಂಬದಿಯನ್ನೂ ಮಾಡಿ, ಸೀಲು, ಬರಹ ಅಲ್ಲೇ ಇರುವುದು. ಸ್ಕ್ಯಾನರ್ ಇಲ್ಲವಾ, ಮೊಬೈಲೇ ಸಾಕು. ಕಿಟಕಿ ಪಕ್ಕ ಮೇಜು ಹಾಕಿ, ನೇರ ಬಿಸಿಲು ಬೀಳಬಾರದು, ಫ್ಲ್ಯಾಶ್ ಬೇಡ, ಮೊಬೈಲು ಫೋಟೋಗೆ ಸಮಾನಾಂತರವಾಗಿ ಇರಲಿ. ಗಾಜಿನೊಳಗಿನ ಫೋಟೋ ಆದರೆ ನಿಮ್ಮ ಹಿಂದೆ ಯಾರಾದರೂ ಕಪ್ಪು ಕೊಡೆ ಬಿಚ್ಚಿ ಹಿಡಿದರೆ ಪ್ರತಿಬಿಂಬ ಬರುವುದಿಲ್ಲ. ಮಲೆನಾಡಿನವರ ಮನೆಯಲ್ಲಿ ಕಪ್ಪು ಕೊಡೆಗೇನು ಬರ.

ಫೈಲಿಗೆ ಹೆಸರು ಇಸವಿಯಿಂದ ಶುರು ಮಾಡಿ, ಆಮೇಲೆ ಊರು, ಆಮೇಲೆ ಯಾರು. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ಫೋಟೋ ಅಂತ ಕಳಿಸಿದರೆ ಕುಗ್ಗಿಹೋಗುತ್ತದೆ. ಮೂರು ಕಡೆ ಪ್ರತಿ ಇರಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಆನ್‌ಲೈನ್‌ನಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಕಥೆ ಟೈಪ್ ಮಾಡುವವರಿಗೆ ಒಂದು ಮಾತು: ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೇ ನುಡಿ ಫಾಂಟಿನಲ್ಲಿ ಮಾಡಿಟ್ಟದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಚಿತ್ರವಿಚಿತ್ರ ಅಕ್ಷರ ಆಗಿ ಕಾಣುತ್ತದೆ.

ಬಣ್ಣ ಹಚ್ಚುವ, ಮುಖ ಸ್ಪಷ್ಟ ಮಾಡುವ ಆ್ಯಪ್‌ಗಳ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ. ಅಜ್ಜಿಯ ಮದುವೆ ಫೋಟೋಗೆ ಹಾಕಿದೆ, ಸೀರೆ ನೀಲಿ ಬಂತು. ಅತ್ತೆ ನೋಡಿ ನಕ್ಕರು. "ಕೆಂಪು ಧಾರೆ ಸೀರೆ ಅದು, ನಾವು ಮೂರು ಜನ ಅದನ್ನೇ ಉಟ್ಟಿದೀವಿ." ಮುಖವನ್ನೂ ಅದು ಊಹೆ ಮಾಡಿಯೇ ತುಂಬುವುದು, ಯಾರದೋ ಮೂಗು ತಂದು ಅಜ್ಜಿಗೆ ಅಂಟಿಸುತ್ತದೆ. ಮಾಡಿಕೊಳ್ಳಿ, ಸುಮ್ನೆ ಖುಷಿಗೆ. ಮೂಲ ಫೈಲಿನ ಜಾಗದಲ್ಲಿ ಅದನ್ನು ಇಡಬೇಡಿ.

ನಾನು ಹಾಳು ಮಾಡಿದ್ದು

ಅಜ್ಜನ ಒಂದು ಫೋಟೋ ಕಟ್ಟಿನ ಗಾಜಿಗೆ ಅಂಟಿಕೊಂಡಿತ್ತು. ಮಳೆಗಾಲದ ಥಂಡಿಗೆ ಹಾಗಾಗುತ್ತದೆ. ಮೆಲ್ಲಗೆ ಎಳೆದರೆ ಬರುತ್ತದೆ ಅಂದುಕೊಂಡೆ. ಬಂತು, ಎಡಗೆನ್ನೆ ಮತ್ತು ಮೀಸೆ ಗಾಜಿನ ಮೇಲೇ ಉಳಿಯಿತು. ಅಂಥದ್ದನ್ನು ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ ಹಾಗೇ ಇಟ್ಟುಬಿಡಿ. ಅಂಟು ಹಾಳೆಯ ಆಲ್ಬಮ್ ಆದರೆ ಹಲ್ಲು ಸಂದಿಗೆ ಹಾಕುವ ದಾರವನ್ನು ಫೋಟೋ ಕೆಳಗೆ ಗರಗಸದ ಹಾಗೆ ಆಡಿಸಿ ಬಿಡಿಸಬಹುದು, ಒಪ್ಪದಿದ್ದರೆ ಅಲ್ಲಿಗೇ ನಿಲ್ಲಿಸಿ.

ಲ್ಯಾಮಿನೇಶನ್ ಬೇಡವೇ ಬೇಡ. ನಮ್ಮ ಹಳೇ ಪಾಲುಪತ್ರವನ್ನು ಲ್ಯಾಮಿನೇಟ್ ಮಾಡಿಸಿದ್ದೂ ನಾನೇ, ಈಗ ಒಳಗೇ ಹಳದಿಯಾಗುತ್ತಿದೆ, ತೆಗೆಯುವ ಹಾಗಿಲ್ಲ. ಸೆಲ್ಲೋಟೇಪು, ಫೆವಿಕಾಲ್, ಸ್ಟೇಪ್ಲರ್ ಕೂಡ ಬೇಡ. ಹರಿದದ್ದು ಹರಿದ ಹಾಗೇ ಒಂದು ಕವರಿನಲ್ಲಿ ಇರಲಿ. ತೀರಾ ಬೆಲೆಯಿರುವ ವಸ್ತುವಾದರೆ ತಜ್ಞರ ಹತ್ತಿರ ಹೋಗಿ, ಇಂಟ್ಯಾಕ್ ಸಂಸ್ಥೆಗೆ ಬೆಂಗಳೂರಿನಲ್ಲಿ ಸಂರಕ್ಷಣಾ ಕೇಂದ್ರ ಇದೆ.

ನೆರೆ ಬಂದು ಆಲ್ಬಮ್ ನೆನೆದರೆ ಒಣಗಿ ಅಂಟಿಕೊಳ್ಳಲು ಬಿಡಬೇಡಿ. ಒದ್ದೆ ಇರುವಾಗಲೇ ಶುದ್ಧ ತಣ್ಣೀರಿನಲ್ಲಿ ಒಂದೊಂದಾಗಿ ಬಿಡಿಸಿ, ಚಿತ್ರ ಮೇಲೆ ಮಾಡಿ ನೆರಳಲ್ಲಿ ಹರವಿ. ಅಷ್ಟು ಹೊತ್ತಿಲ್ಲ ಅಂದರೆ ಪ್ಲಾಸ್ಟಿಕ್ ಕವರಿಗೆ ಹಾಕಿ ಫ್ರೀಜರಿನಲ್ಲಿಡಿ, ಆಮೇಲೆ ನೋಡಿಕೊಳ್ಳಬಹುದು. ಶಾಯಿಯಲ್ಲಿ ಬರೆದ ಕಾಗದಕ್ಕೆ ಮಾತ್ರ ಈ ನೀರಿನ ಉಪಾಯ ಬೇಡ, ಅಕ್ಷರ ಹರಿದುಹೋಗುತ್ತದೆ.

ಇಡುವ ಜಾಗ

ಅಟ್ಟ ಬೇಡ, ನೆಲ ಬೇಡ, ಮಳೆ ಹೊಡೆಯುವ ಗೋಡೆಗೆ ತಾಗಿದ ಕಪಾಟೂ ಬೇಡ. ಮನೆಯ ನಡುವಿನ ಕೋಣೆಯಲ್ಲಿ, ನೆಲದಿಂದ ಒಂದಡಿ ಎತ್ತರದಲ್ಲಿ ಸ್ಟೀಲ್ ಟ್ರಂಕು ಸರಿ. ಒಳಗೆ ಆಮ್ಲ ಇಲ್ಲದ ಕಾಗದ ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೆ ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಪೇಪರಿನಲ್ಲಿ, ಅಂದರೆ ದಿನಪತ್ರಿಕೆಯಲ್ಲಿ, ಸುತ್ತಬೇಡಿ, ಅದರ ಆಮ್ಲ ಇದಕ್ಕೂ ಹತ್ತುತ್ತದೆ. ನುಸಿಗುಳಿಗೆಯನ್ನು ಫೋಟೋ ಜೊತೆ ಹಾಕಬೇಡಿ. ಸಿಲಿಕಾ ಜೆಲ್ ಪೊಟ್ಟಣ ಇಡಿ, ವರ್ಷಕ್ಕೊಮ್ಮೆ ಬದಲಾಯಿಸಿ. ಆ ನೆಪದಲ್ಲಿ ವರ್ಷಕ್ಕೊಮ್ಮೆ ಟ್ರಂಕು ತೆಗೆದಂತೆಯೂ ಆಗುತ್ತದೆ, ಗೆದ್ದಲು ಬಂದಿದ್ದರೆ ಗೊತ್ತಾಗುತ್ತದೆ.

ಗೋಡೆಯ ಮೇಲಿನ ಅಜ್ಜ ಅಜ್ಜಿಯರ ಫೋಟೋಗೆ ಹಾರ, ಕುಂಕುಮ, ಊದುಬತ್ತಿ ಎಲ್ಲ ಬೇಕೇ ಬೇಕು, ಅದನ್ನು ಬಿಡಿ ಅಂದರೆ ಅಮ್ಮ ನನ್ನನ್ನು ಮನೆಯಿಂದ ಓಡಿಸುತ್ತಾರೆ. ಒಂದು ಒಳ್ಳೆ ಪ್ರಿಂಟ್ ತೆಗೆಸಿ ಅದಕ್ಕೆ ಕಟ್ಟು ಹಾಕಿಸಿ, ಮೂಲ ಟ್ರಂಕಿಗೆ ಹೋಗಲಿ.

ಮನೆಯ ಹೊರಗೆ

ಟ್ರಂಕು ಮುಗಿದ ಮೇಲೆ ತಾಲ್ಲೂಕು ಕಚೇರಿ. ಪಹಣಿ ಕಂಪ್ಯೂಟರಿಗೆ ಹೋದದ್ದು 2000ದ ಆಚೀಚೆ, ಅದಕ್ಕಿಂತ ಹಿಂದಿನ ಕೈಬರಹದ ಪಹಣಿ, ಹಕ್ಕು ಬದಲಾವಣೆ ಪುಸ್ತಕಕ್ಕೆ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಡಬೇಕು. ಮನೆಯವರು ಗೇಣಿದಾರರಾಗಿದ್ದರೆ 1974ರ ಭೂಸುಧಾರಣೆ ಹೊತ್ತಿನ ಏಳನೇ ನಮೂನೆ ಅರ್ಜಿ, ಅಂದರೆ ಉಳುವ ಜಮೀನಿನ ಹಕ್ಕು ಕೇಳಿ ಗೇಣಿದಾರರು ಕೊಟ್ಟ ಅರ್ಜಿ, ಹುಡುಕಿ. ಭೂ ನ್ಯಾಯಮಂಡಳಿಯ ಫೈಲಿನಲ್ಲಿ ಅಜ್ಜ ಕೊಟ್ಟ ಹೇಳಿಕೆ ಸಿಕ್ಕಿದರೆ, ಅವರ ಮಾತು ಅವರದೇ ಹೆಬ್ಬೆಟ್ಟಿನ ಜೊತೆ ಸಿಕ್ಕಿದ ಹಾಗೆ. ಕಚೇರಿ ಕೊಡುವ ವಂಶವೃಕ್ಷ ವಾರಸುದಾರರ ಲೆಕ್ಕಕ್ಕೆ ಮಾಡಿದ್ದು, ಚಿಕ್ಕಜ್ಜಿಯಂಥವರು ಅದರಲ್ಲಿ ಇರುವುದಿಲ್ಲ ಅನ್ನುವುದು ತಲೆಯಲ್ಲಿರಲಿ.

ನೀವು ಉತ್ತರ ಕರ್ನಾಟಕ ಅಥವಾ ಬಯಲುಸೀಮೆಯವರಾದರೆ ನಿಮಗೆ ನಮಗಿಲ್ಲದ ಭಾಗ್ಯ ಇದೆ: ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ತಲೆತಲಾಂತರದಿಂದ ಹೇಳಿ, ಕಾಳು ಕಡಿ ತೆಗೆದುಕೊಂಡು ಹೋಗುವವರು. ಮೂಲ ಊರು ಯಾವುದು, ಯಾಕೆ ಬಿಟ್ಟು ಬಂದರು, ಎಲ್ಲ ಅವರ ಪುಸ್ತಕದಲ್ಲಿ. ಈ ಸಲ ಬಂದಾಗ ಬಾಗಿಲಲ್ಲೇ ಕೊಟ್ಟು ಕಳಿಸಬೇಡಿ. ಕೂರಿಸಿ, ಊಟ ಹಾಕಿ, ಒಪ್ಪಿದರೆ ಪೂರ್ತಿ ರೆಕಾರ್ಡ್ ಮಾಡಿಕೊಳ್ಳಿ, ಮರ್ಯಾದೆಯಿಂದ ದುಡ್ಡು ಕೊಡಿ, ಅದು ಅವರ ಕಸುಬು. ಕಾಶಿ, ಗಯಾ, ನಾಸಿಕಕ್ಕೆ ಹಿರಿಯರು ಹೋಗಿದ್ದರೆ ಅಲ್ಲಿನ ಪುರೋಹಿತರ ವಹಿಯಲ್ಲೂ ಹೆಸರು, ರುಜು ಇರುವ ಸಾಧ್ಯತೆ ಇದೆ.

ತಾಳೆಗರಿ, ಕಡತ ಮನೆಯಲ್ಲಿ ನೋಡಿಕೊಳ್ಳಲು ಆಗದಿದ್ದರೆ ಕೊಟ್ಟುಬಿಡುವುದು ವಾಸಿ. ನಮ್ಮ ಸಾಗರದ ಪಕ್ಕ ಕೆಳದಿ ವಸ್ತುಸಂಗ್ರಹಾಲಯ ಇದೆ, ಮೈಸೂರಿನಲ್ಲಿ 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. ಕೊಡುವ ಮೊದಲು ಪ್ರತಿ ಹಾಳೆಯ ಫೋಟೋ ತೆಗೆದುಕೊಳ್ಳಿ, ಕೊಟ್ಟದ್ದಕ್ಕೆ ಬರಹದಲ್ಲಿ ರಸೀದಿ ಪಡೆಯಿರಿ.

ಎಲ್ಲ ಸೇರಿಸಿ ಮನೆಯವರ ಗುಂಪಿಗೆ ಹಾಕುವ ಮುಂಚೆ ಸ್ವಲ್ಪ ತಡೆಯಿರಿ. ಜಮೀನಿನ ಕಾಗದ, ಜೀವಂತ ಇರುವವರ ಜಾತಕ ಅಲ್ಲಿ ಹಾಕಬೇಡಿ. ಅತ್ತೆ ನಂಬಿ ಹೇಳಿದ ಕೆಲವು ಮಾತು ಇರುತ್ತವೆ, ಅವನ್ನು ಬರೆದು ಲಕೋಟೆಯಲ್ಲಿಟ್ಟು ಯಾವಾಗ ತೆಗೆಯಬಹುದು ಅಂತ ಮೇಲೆ ಬರೆಯಿರಿ. ನಮ್ಮಲ್ಲಿ ಅಂಥ ಲಕೋಟೆ ಎರಡಿವೆ.

ಇನ್ನೊಂದು ಕವರ್ ಬೇಕು, ಯಾರು ಅಂತ ಗೊತ್ತಿಲ್ಲದವರ ಫೋಟೋಗಳಿಗೆ. ಅದರ ಪ್ರಿಂಟುಗಳನ್ನು ಮದುವೆ, ಉಪನಯನ, ವೈಕುಂಠ ಸಮಾರಾಧನೆ ಎಲ್ಲಿಗೆ ಹೋದರೂ ಜೊತೆಗೆ ಒಯ್ಯಿರಿ, ಊಟ ಮುಗಿಸಿ ಎ‌ಲೆ ಅಡಿಕೆ ಹಾಕಿಕೊಂಡು ಕೂತ ಅಜ್ಜಿಯರ ಕೈಗೆ ಕೊಡಿ. ಹೀಗೆ ಮಾಡಿ ಹನ್ನೊಂದರಲ್ಲಿ ನಾಲ್ಕಕ್ಕೆ ಹೆಸರು ಸಿಕ್ಕಿದೆ. ಮೊಗ್ಗಿನ ಜಡೆಯ ಹುಡುಗಿ ಇನ್ನೂ ಕವರಿನಲ್ಲೇ ಇದ್ದಾಳೆ. ಮೇ ತಿಂಗಳಲ್ಲಿ ಸೊರಬದಲ್ಲಿ ಒಂದು ಮದುವೆ ಇದೆ, ಅಜ್ಜಿಯ ತವರಿನ ಕಡೆಯವರು ಬರುತ್ತಾರಂತೆ.